ಕರಾವಳಿಯ ಬೆಳಕಿಗೆ ಕಪ್ಪು-ಬಿಳುಪು ರೀಲು: ಫಿಲ್ಮ್ ಆರಿಸುವುದರಿಂದ ನೆಗೆಟಿವ್ ಓದುವವರೆಗೆ

ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಬಂಗುಡೆಯ ಬುಟ್ಟಿಯನ್ನು ನೆಲಕ್ಕೆ ಸುರಿಯುವಾಗ ಹತ್ತಿರ ಕೂತು ನೋಡಿ. ಮೀನಿನ ಹೊಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಬೆನ್ನಿನ ಮೇಲೆ ಅಲೆಅಲೆಯಾಗಿ ಕಪ್ಪು ಗೆರೆಗಳು, ಗೆರೆಗಳ ನಡುವೆ ಮಬ್ಬಾದ ನೀಲಿ-ಹಸಿರು. ಕೆಳಗೆ ಒದ್ದೆ ಸಿಮೆಂಟ್ ನೆಲ, ಅದರಾಚೆ ಬೋಟಿನ ನೆರಳು, ಆ ನೆರಳಿನಲ್ಲಿ ಐಸ್ ಪುಡಿ ಹರಡುತ್ತಾ ಕೂತ ಒಬ್ಬರು ಅಕ್ಕ. ಕಪ್ಪು-ಬಿಳುಪು ಫಿಲ್ಮಿಗೆ ಬೇಕಾದ ಎಲ್ಲ ಛಾಯೆಗಳೂ ಎರಡು ಮೀಟರ್ ಜಾಗದೊಳಗೆ ಇವೆ.

ನಾನು ಅಲ್ಲಿ ತೆಗೆದ ಮೊದಲ ರೀಲಿನಲ್ಲಿ ಮೀನಿನ ಹೊಟ್ಟೆ ಮಾತ್ರ ಬಂದಿತ್ತು. ಬೆನ್ನಿನ ಗೆರೆ, ನೆಲ, ಅಕ್ಕನ ಮುಖ ಎಲ್ಲವೂ ಒಂದೇ ಮಸಿ. ಅದು ಗಟ್ಟಿ ಕಪ್ಪೂ ಆಗಿರಲಿಲ್ಲ, ಸತ್ವವಿಲ್ಲದ ಕೊಳಕು ಬೂದು. ಉಡುಪಿಯಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವ ಆ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿ ಹೇಳಿದ್ದು ಇಷ್ಟೇ: "ಇದರಲ್ಲಿ ಎಂತದೂ ಇಲ್ಲ ಮಾರಾಯ, ಗಾಜಿನ ಹಾಗೆ ಉಂಟು. ನೀನು ಕತ್ತಲೆಗೆ ಮೀಟರ್ ಹಿಡಿ. ಬೆಳಕನ್ನು ಫಿಲ್ಮ್ ತೊಳೆಯುವಾಗ ನೋಡಿಕೊಳ್ಳುವ."

ಮೀಟರ್ ಎಂದರೆ ಬೆಳಕು ಅಳೆಯುವ ಸಾಧನ. ಈ ಬರಹದಲ್ಲಿರುವುದೆಲ್ಲ ಆ ಮಾತಿನ ವಿಸ್ತರಣೆ.

ಕಾಂಟ್ರಾಸ್ಟ್ ಎಲ್ಲಿ ಹುಟ್ಟುತ್ತದೆ

ಗಾಢವಾದ ಚಿತ್ರ ಬೇಕೆಂದರೆ ಹೆಚ್ಚು ಕಾಂಟ್ರಾಸ್ಟಿನ (ಕಪ್ಪಿಗೂ ಬಿಳಿಗೂ ಅಂತರ ಹೆಚ್ಚಿರುವ) ಫಿಲ್ಮ್ ಕೊಂಡರೆ ಸಾಕು ಎಂದು ಹೊಸಬರು ತಿಳಿಯುತ್ತಾರೆ. ಫಿಲ್ಮಿನ ಪಾತ್ರ ಇದೆ, ಆದರೆ ಅದು ಮೂರನೆಯದು. ಮೊದಲನೆಯದು ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳುವ ಬೆಳಕಿನ ಪ್ರಮಾಣ), ಎರಡನೆಯದು ಡೆವಲಪ್ ಮಾಡುವ, ಅಂದರೆ ಡೆವಲಪರ್ ಎಂಬ ರಾಸಾಯನಿಕದಲ್ಲಿ ಫಿಲ್ಮ್ ತೊಳೆಯುವ, ಸಮಯ.

ಕಾರಣ ಸರಳ. ನೆಗೆಟಿವಿನಲ್ಲಿ ನೆರಳಿನ ಭಾಗ ತೆಳ್ಳಗೆ, ಬೆಳಕಿನ ಭಾಗ ದಟ್ಟ. ನೆರಳಿನ ಜಾಗಕ್ಕೆ ಬಿದ್ದ ಬೆಳಕು ಸ್ವಲ್ಪವೇ ಆದ್ದರಿಂದ ಡೆವಲಪರ್‌ಗೆ ಅಲ್ಲಿ ಕೆಲಸ ಕಡಿಮೆ, ಬೇಗ ಮುಗಿಯುತ್ತದೆ. ಹೆಚ್ಚು ಬೆಳಕು ಬಿದ್ದ ಜಾಗದಲ್ಲಿ ಮಾತ್ರ ಸಮಯ ಕೊಟ್ಟಷ್ಟೂ ಬೆಳ್ಳಿ ಕಟ್ಟುತ್ತಲೇ ಹೋಗುತ್ತದೆ. ಹಾಗಾಗಿ ಕ್ಯಾಮೆರಾದಲ್ಲಿ ನೆರಳಿಗೆ ಕೊಡದೇ ಇದ್ದುದನ್ನು ಆಮೇಲೆ ಯಾವ ರಾಸಾಯನಿಕವೂ ತಂದುಕೊಡುವುದಿಲ್ಲ. ಬೆಳಕಿನ ಭಾಗವನ್ನು ಏರಿಸುವುದು, ತಗ್ಗಿಸುವುದು ಮಾತ್ರ ಫಿಲ್ಮ್ ತೊಳೆಯುವ ಟ್ಯಾಂಕಿನಲ್ಲಿ ನಮ್ಮ ಕೈಯಲ್ಲಿದೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಸೇರಿ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಪದ್ಧತಿಯ (ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳಿಗೆ ಅಂಕಿ ಕೊಟ್ಟು ಎಣಿಸುವ ಕ್ರಮ) ತಿರುಳೂ ಇದೇ.

ಮೊದಲ ಹೆಜ್ಜೆ: ಬೆಳಕಿನ ಕಾಲ ತಿಳಿಯುವುದು

ಫಿಲ್ಮ್ ಕೊಳ್ಳುವ ಮೊದಲು ಯಾವ ತಿಂಗಳಲ್ಲಿ ತೆಗೆಯುತ್ತೀರಿ ಎಂದು ಯೋಚಿಸಿ. ನಮ್ಮಲ್ಲಿ ಬೆಳಕಿಗೆ ಮೂರು ಕಾಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಒಂದು ದೊಡ್ಡ ಬಿಳಿ ಬಟ್ಟೆ. ನೆರಳಿಗೂ ಬೆಳಕಿಗೂ ಮೂರು ಸ್ಟಾಪಿನ ಅಂತರವೂ ಇರುವುದಿಲ್ಲ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು ಅಥವಾ ಅರ್ಧವಾಗುವುದು). ಹೀಗೆ ತೆಗೆದದ್ದನ್ನು ಮಾಮೂಲಿನಂತೆ ತೊಳೆದರೆ ಎಲ್ಲವೂ ಬೂದು. ಆದರೆ ಒದ್ದೆಯಾದ ಮುರಕಲ್ಲಿನ ಗೋಡೆ, ಪಾಚಿ ಹಿಡಿದ ಹಂಚು, ಕೊಡೆ ಹಿಡಿದು ರಥಬೀದಿಯಲ್ಲಿ ನಡೆಯುವ ಜನ, ಇವೆಲ್ಲ ತಾವಾಗಿಯೇ ಕಪ್ಪಾಗುವುದು ಈ ಕಾಲದಲ್ಲೇ. ನನಗೆ ಅತ್ಯಂತ ಇಷ್ಟವಾದದ್ದೂ ಇದೇ.

ಅಕ್ಟೋಬರ್‌ನಿಂದ ಜನವರಿವರೆಗೆ ಮಳೆ ತೊಳೆದ ಗಾಳಿ, ನಿಜವಾದ ನೀಲಿ ಆಕಾಶ. ಲೆನ್ಸಿಗೆ ಬಣ್ಣದ ಫಿಲ್ಟರ್ ಹಾಕಿದರೆ ಫಲ ಸಿಗುವುದು ಈಗ.

ಮಾರ್ಚ್‌ನಿಂದ ಮೇವರೆಗೆ ಬೆಳಕು ಕ್ರೂರ. ತೇವ ತುಂಬಿದ ಗಾಳಿಯಿಂದ ಆಕಾಶ ಬೆಳ್ಳಗೆ, ನೆರಳು ಕಡುಕಪ್ಪು. ಬೆಳಿಗ್ಗೆ ಎಂಟೂವರೆಯ ನಂತರ ತಣ್ಣೀರುಬಾವಿಯಲ್ಲೋ ಪಣಂಬೂರಿನಲ್ಲೋ ಮುಖಗಳನ್ನು ತೆಗೆಯಲು ಹೊರಟರೆ ಕಣ್ಣಿನ ಗುಳಿಯಲ್ಲಿ ಎರಡು ಕಪ್ಪು ತೂತು ಬರುತ್ತವೆ. ಆ ಹೊತ್ತಿನಲ್ಲಿ ಮರದ ನೆರಳಿಗೆ ಹೋಗಿ.

ಎರಡನೆಯ ಹೆಜ್ಜೆ: ಫಿಲ್ಮ್ ಆರಿಸುವುದು

ಒಂದು ಫಿಲ್ಮ್ ಮಾತ್ರ ಇಟ್ಟುಕೊಳ್ಳಬೇಕೆಂದರೆ ನಾನು ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಹೇಳುತ್ತೇನೆ. ವೇಗ, ಅಂದರೆ ಫಿಲ್ಮ್ ಬೆಳಕಿಗೆ ಸ್ಪಂದಿಸುವ ಅಳತೆ, 400. ಅರ್ಧ ಸ್ಟಾಪ್, ಒಂದು ಸ್ಟಾಪ್ ತಪ್ಪಿದರೂ ಸಹಿಸಿಕೊಳ್ಳುತ್ತದೆ, 1600ಕ್ಕೆ ತಳ್ಳಿದರೂ (ವೇಗ 1600 ಎಂದು ಎಣಿಸಿ ತೆಗೆದು, ಹೆಚ್ಚು ಹೊತ್ತು ತೊಳೆದರೂ) ಮುರಿಯುವುದಿಲ್ಲ. ಅದರ ಸಹಜ ಕಾಂಟ್ರಾಸ್ಟ್ ಸ್ವಲ್ಪ ಮೃದು, ಮೊದಲ ಪ್ರಿಂಟಿನಲ್ಲಿ ನಿರಾಸೆಯಾಗಬಹುದು. ಆದರೆ ಬೇಸಗೆಯ ಬಿಸಿಲಿಗೆ ಆ ಮೃದುತನವೇ ಬೇಕು. ಕೊಡಕ್ ಟ್ರೈ-ಎಕ್ಸ್ 400 ಇದಕ್ಕಿಂತ ಗಡಸು, ಕಪ್ಪು ಬೇಗ ಕಟ್ಟುತ್ತದೆ. 35 ಎಂಎಂನಲ್ಲಿ ಅದು ಬಂದದ್ದು 1954ರಲ್ಲಿ. ದಶಕಗಳ ಕಾಲ ಪತ್ರಿಕಾ ಛಾಯಾಗ್ರಾಹಕರು ಅದನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ಟ್ರೈಪಾಡ್ ಹೊತ್ತು ಹೋಗುವವರಾದರೆ, ಕಾಪು ದೀಪಸ್ತಂಭ ಅಥವಾ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಂಥ ವಸ್ತುವಿಗೆ, ಎಫ್‌ಪಿ4 ಪ್ಲಸ್ ಒಳ್ಳೆಯದು. ವೇಗ 125, ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಗಳು) ಸಣ್ಣ, ಮಧ್ಯದ ಬೂದುಗಳು ತುಂಬು. ಪ್ಯಾನ್ ಎಫ್ ಪ್ಲಸ್ 50 ಹುಟ್ಟಿನಿಂದಲೇ ಕಾಂಟ್ರಾಸ್ಟ್ ಹೆಚ್ಚಿರುವ ಫಿಲ್ಮ್, ಮೋಡದ ದಿನ ಚೆಂದ, ಬಿಸಿಲಿನಲ್ಲಿ ಹುಷಾರು. ತೆಗೆದ ಮೇಲೆ ಅದನ್ನು ತಿಂಗಳುಗಟ್ಟಲೆ ಇಡಬೇಡಿ, ತೊಳೆಯದ ಬಿಂಬ ಅದರಲ್ಲಿ ಬೇಗ ಮಾಸುತ್ತದೆ. ಡೆಲ್ಟಾ ಮತ್ತು ಟಿ-ಮ್ಯಾಕ್ಸ್‌ಗಳ ಗ್ರೇನ್ ನಯ, ಆದರೆ ಡೆವಲಪರ್‌ನ ಉಷ್ಣತೆ, ಸಮಯದಲ್ಲಿ ಸಣ್ಣ ಏರುಪೇರಾದರೂ ಅದು ನೆಗೆಟಿವಿನಲ್ಲಿ ಕಾಣಿಸುತ್ತದೆ. ನಮ್ಮ ಸೆಖೆಯಲ್ಲಿ ಕಲಿಯುವವರಿಗೆ ಅದು ಬೇಡ. ಕೈ ಪಳಗಿಸಲು ಕೆಂಟ್ಮೀರ್ ಅಥವಾ ಫೋಮಾಪ್ಯಾನ್ ಸಾಕು, ಬೆಲೆಯೂ ಕಡಿಮೆ. ಫೋಮಾಪ್ಯಾನ್ 400 ಅನ್ನು ಮಾತ್ರ 200 ಎಂದು ಎಣಿಸಿ ಬಳಸಿ, ನೆರಳು ಉಳಿಯುತ್ತದೆ. ಮನೆಯಲ್ಲಿ ತೊಳೆಯಲು ಆಗದವರಿಗೆ ಎಕ್ಸ್‌ಪಿ2 ಸೂಪರ್ ಇದೆ. ಅದನ್ನು ಬಣ್ಣದ ಫಿಲ್ಮಿನ ಸಿ-41 ರಾಸಾಯನಿಕದಲ್ಲೇ ತೊಳೆಯುವುದರಿಂದ ಬಣ್ಣದ ಲ್ಯಾಬಿಗೆ ಕೊಡಬಹುದು.

ಮಾವನ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ಸಿಗುತ್ತಿತ್ತು. ಈಗ ಎಲ್ಲವೂ ಹೊರಗಿನಿಂದ ಬರಬೇಕು, ಒಂದೊಂದು ಫ್ರೇಮೂ ದುಬಾರಿ. ಆದ್ದರಿಂದಲೇ ಹೇಳುತ್ತೇನೆ: ಒಂದೇ ಫಿಲ್ಮ್, ಒಂದೇ ಡೆವಲಪರ್ ಹಿಡಿದು ಕನಿಷ್ಠ ಹತ್ತು ರೀಲು ಮುಗಿಸಿ. ಪ್ರತಿ ಸಲ ಫಿಲ್ಮ್ ಬದಲಿಸಿದರೆ ತಪ್ಪು ಯಾರದ್ದೆಂದೇ ಗೊತ್ತಾಗುವುದಿಲ್ಲ.

ಇಡುವುದು ಫ್ರಿಜ್ಜಿನಲ್ಲಿ. ಹೊರತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ, ಇಲ್ಲಿನ ತೇವಕ್ಕೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ಮುಚ್ಚಿದ ಡಬ್ಬಿಯಲ್ಲೇ ಎರಡು ಗಂಟೆ ಹೊರಗಿರಲಿ.

ಮೂರನೆಯ ಹೆಜ್ಜೆ: ಕತ್ತಲೆಗೆ ಮೀಟರ್ ಹಿಡಿಯುವುದು

ಇಲ್ಲಿ ನಿಧಾನ ಮಾಡೋಣ. ಎಲ್ಲ ಇರುವುದು ಇಲ್ಲೇ.

ಮೀಟರ್‌ಗೆ ಬುದ್ಧಿ ಒಂದೇ. ಏನನ್ನು ತೋರಿಸಿದರೂ ಅದನ್ನು ಮಧ್ಯದ ಬೂದು ಮಾಡುವ ಲೆಕ್ಕ ಕೊಡುತ್ತದೆ. ಬಿಳಿ ಪಂಚೆ ತೋರಿಸಿದರೂ ಬೂದು, ಕಪ್ಪು ಕೊಡೆ ತೋರಿಸಿದರೂ ಬೂದು. ಆ ಮಧ್ಯದ ಬೂದನ್ನು ಜೋನ್ ಪದ್ಧತಿಯಲ್ಲಿ ಐದು ಎನ್ನುತ್ತಾರೆ. ಒಂದೊಂದು ಜೋನಿಗೆ ಒಂದೊಂದು ಸ್ಟಾಪ್. ಒಳಗೆ ವಿವರ ಕಾಣುವ ಕಪ್ಪು ಮೂರನೆಯ ಜೋನಿನಲ್ಲಿರುತ್ತದೆ, ಅಂದರೆ ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ.

ಈಗ ಮಲ್ಪೆಗೆ ವಾಪಸ್ ಹೋಗೋಣ. ಚಿತ್ರದಲ್ಲಿ ನಿಮಗೆ ವಿವರ ಬೇಕಾದ ಅತಿ ಕಪ್ಪು ಜಾಗ ಯಾವುದು? ಬೋಟಿನಡಿಯ ಪೂರ್ತಿ ಕತ್ತಲೆ ಅಲ್ಲ, ಅದು ಕಪ್ಪಾಗಿಯೇ ಇರಲಿ. ನೆರಳಿನಲ್ಲಿ ಕೂತ ಅಕ್ಕನ ಸೀರೆಯ ಮಡಿಕೆ, ಅಲ್ಲಿ ವಿವರ ಬೇಕು. ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್ ಇದ್ದರೆ ಅಲ್ಲಿಗೆ ಹಿಡಿಯಿರಿ. ಇಲ್ಲದಿದ್ದರೆ ಕೇಳಿಕೊಂಡು ಹತ್ತಿರ ಹೋಗಿ, ಫ್ರೇಮ್ ತುಂಬ ಆ ನೆರಳೇ ಇರುವಂತೆ ಕ್ಯಾಮೆರಾದ ಮೀಟರ್ ಓದಿ. ಶಟರ್ 1/60 ಸೆಕೆಂಡು, ಲೆನ್ಸಿನ ಕಿಂಡಿ ಎಫ್ 4 ಎಂದು ತೋರಿಸಿತು ಎನ್ನಿ. ಎರಡು ಸ್ಟಾಪ್ ತಗ್ಗಿಸಿ 1/250, ಎಫ್ 4 ಇಡಿ. ನಿಮ್ಮ ಎಕ್ಸ್‌ಪೋಶರ್ ಅದೇ. ಇನ್ನು ಅದನ್ನು ಬದಲಿಸಬೇಡಿ.

ನಂತರ ಬಂಗುಡೆಯ ಹೊಟ್ಟೆಗೆ ಮೀಟರ್ ಹಿಡಿಯಿರಿ. ಇದು ಎಕ್ಸ್‌ಪೋಶರ್‌ಗಲ್ಲ, ತೊಳೆಯುವ ಸಮಯ ತಿಳಿಯುವುದಕ್ಕೆ. 1/2000, ಎಫ್ 4 ಎಂದು ಬಂದರೆ ನೆರಳಿನ ಓದಿಗೂ ಇದಕ್ಕೂ ಐದು ಸ್ಟಾಪ್ ಅಂತರ. ನೆರಳು ಮೂರರಲ್ಲಿ ಕೂತರೆ ಹೊಟ್ಟೆ ಎಂಟರಲ್ಲಿ ಕೂರುತ್ತದೆ, ಬಿಳಿಯಾಗಿದ್ದೂ ಸ್ವಲ್ಪ ಮೈ ಉಳಿದಿರುತ್ತದೆ. ಮಾಮೂಲು ಸಮಯ ತೊಳೆದರೆ ಸಾಕು. ಹೊಟ್ಟೆಯ ಮೇಲೆ ಸೂರ್ಯನ ಚುಕ್ಕೆ ಮಿನುಗಿದರೆ ಅದು ಕಾಗದದ ಬಿಳಿಯೇ ಆಗಲಿ, ಅದರ ಚಿಂತೆ ಬೇಡ.

ಅಂತರ ಆರು ಸ್ಟಾಪ್ ಆದರೆ? ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಹೀಗಾಗುತ್ತದೆ. 1430ರಲ್ಲಿ ಕಟ್ಟಿದ ಆ ಬಸದಿಯ ಕಂಬಗಳ ನಡುವೆ ನಿಂತು ಹೊರಗಿನ ಬಿಸಿಲಿನತ್ತ ನೋಡಿದರೆ ಕೆತ್ತನೆಯ ನೆರಳಿಗೂ ಅಂಗಳದ ಕಲ್ಲಿಗೂ ಅಷ್ಟು ದೂರ. ನೆರಳನ್ನು ಮೂರರಲ್ಲೇ ಇಡಿ, ಆದರೆ ತೊಳೆಯುವ ಸಮಯವನ್ನು ಶೇ. 20ರಷ್ಟು ಕಡಿಮೆ ಮಾಡಿ. ಅಂತರ ನಾಲ್ಕೇ ಸ್ಟಾಪ್ ಇದ್ದರೆ ಸಮಯವನ್ನು ಶೇ. 20–25ರಷ್ಟು ಹೆಚ್ಚಿಸಿ. ಜುಲೈ ತಿಂಗಳ ಮಬ್ಬಿನಲ್ಲಿ ನಾನು ಶೇ. 30ರವರೆಗೂ ಹೋಗಿದ್ದೇನೆ. ಮಳೆಯ ಬೂದು ಬೆಳಕಿನಿಂದ ಗಟ್ಟಿ ಕಪ್ಪು, ಹೊಳೆಯುವ ಬಿಳಿ ಬಂದದ್ದು ಹಾಗೆಯೇ.

35 ಎಂಎಂ ರೀಲಿನಲ್ಲಿ 36 ಫ್ರೇಮ್ ಒಟ್ಟಿಗೇ ತೊಳೆಯಬೇಕಲ್ಲ ಎಂದು ಕೇಳಬಹುದು. ಹೌದು. ಹಾಗಾಗಿ ಒಂದು ರೀಲನ್ನು ಒಂದೇ ಬಗೆಯ ಬೆಳಕಿಗೆ ಮೀಸಲಿಡಿ. ಮಳೆಯ ರೀಲು, ಬಿಸಿಲಿನ ರೀಲು. ಬಿಸಿಲಿನ ರೀಲಿಗೆ ನಾನು 400ರ ಫಿಲ್ಮನ್ನು ಮೀಟರ್‌ನಲ್ಲಿ 200 ಎಂದು ಇಟ್ಟು, ಸಮಯ ಶೇ. 15–20 ಇಳಿಸುತ್ತೇನೆ. ಪ್ರತಿ ಫ್ರೇಮಿಗೂ ನೆರಳು ಅಳೆಯಲು ಪುರುಸೊತ್ತಿಲ್ಲದ, ಬೋಟುಗಳು ಬಂದು ನಿಲ್ಲುವ ದಕ್ಕೆಯಂಥ ಜಾಗದಲ್ಲಿ ಇದೊಂದೇ ಸಾಕಾಗುತ್ತದೆ.

ಮೀಟರ್ ಕೆಟ್ಟರೆ ಅಂಗೈ ಇದೆ. ವಸ್ತುವಿನ ಮೇಲೆ ಬಿದ್ದ ಬೆಳಕೇ ಅಂಗೈ ಮೇಲೂ ಬೀಳುವಂತೆ ಹಿಡಿದು ಓದಿ, ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಿ. ಮೈಬಣ್ಣ ಯಾವುದಾದರೂ ಅಂಗೈ ಬಹುಪಾಲು ಒಂದೇ ತರಹ. ಮೀಟರೇ ಇಲ್ಲದಿದ್ದರೆ ಹಳೆಯ ಲೆಕ್ಕ: ಬಿಸಿಲಿನಲ್ಲಿ ಎಫ್ 16, ಶಟರ್ ಫಿಲ್ಮಿನ ವೇಗದಷ್ಟು. 400ಕ್ಕೆ 1/500. ನೆರಳು ಮುಖ್ಯವಾದರೆ ಎಫ್ 11. ಮಳೆಮೋಡಕ್ಕೆ ಎಫ್ 5.6 ಅಥವಾ 4. ಅಡಿಕೆ ತೋಟದ ಅಂಚಿನಲ್ಲಿ ಎಫ್ 4, ತೋಟದ ಒಳಗೆ ಹೋದಂತೆ ಇನ್ನೂ ಎರಡು ಸ್ಟಾಪ್ ಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಫಿಲ್ಟರ್

ಫಿಲ್ಟರ್ ತನ್ನ ಬಣ್ಣವನ್ನು ತಿಳಿಗೊಳಿಸುತ್ತದೆ, ಎದುರು ಬಣ್ಣವನ್ನು ಕಪ್ಪಾಗಿಸುತ್ತದೆ. ಇದನ್ನು ತಿಳಿಯಲು ಮಂಗಳೂರಿಗಿಂತ ಒಳ್ಳೆಯ ಊರಿಲ್ಲ. ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿನ ತಲೆಯೆಲ್ಲ ಕೆಂಪಾಯಿತು. ಕೆಂಪು ಹಂಚು, ಹಿಂದೆ ಹಸಿರು ತೆಂಗು, ಮೇಲೆ ನೀಲಿ ಆಕಾಶ. ಫಿಲ್ಟರ್ ಇಲ್ಲದೆ ತೆಗೆದರೆ ಹಂಚೂ ತೆಂಗೂ ಹೆಚ್ಚುಕಮ್ಮಿ ಒಂದೇ ಬೂದು. ಕೆಂಪು ಫಿಲ್ಟರ್ ಹಾಕಿ, ಹಂಚು ಬೆಳ್ಳಗಾಗಿ ಆಕಾಶ ಕಪ್ಪಾಗುತ್ತದೆ. ಹಸಿರು ಹಾಕಿ, ಹಂಚು ಕಪ್ಪಾಗಿ ತೆಂಗಿನ ಗರಿ ಬೆಳಗುತ್ತದೆ. ಒಂದೇ ಮನೆ, ಬೇರೆಯೇ ಚಿತ್ರ.

ಹಳದಿಗೆ ಒಂದು ಸ್ಟಾಪ್, ಕಿತ್ತಳೆಗೆ ಎರಡರ ಹತ್ತಿರ, ಹಸಿರಿಗೆ ಎರಡು, ಗಾಢ ಕೆಂಪಿಗೆ ಮೂರು ಸ್ಟಾಪ್ ಹೆಚ್ಚು ಬೆಳಕು ಬೇಕು. ಕೆಂಪು ಫಿಲ್ಟರ್ ಮೂಲಕ ಓದಿದರೆ ಕ್ಯಾಮೆರಾದ ಮೀಟರ್ ತಪ್ಪು ಹೇಳುವುದುಂಟು. ಫಿಲ್ಟರ್ ತೆಗೆದು ಓದಿ, ಆಮೇಲೆ ಕೂಡಿಸಿ. ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ: ಬಿಸಿಲಿನ ದಿನ ನೆರಳನ್ನು ಬೆಳಗುವುದು ನೀಲಿ ಆಕಾಶ. ಕೆಂಪು ಫಿಲ್ಟರ್ ಆ ನೀಲಿಯನ್ನೇ ತಡೆಯುವುದರಿಂದ ನೆರಳು ಲೆಕ್ಕಕ್ಕಿಂತ ಹೆಚ್ಚು ಕುಸಿಯುತ್ತದೆ. ಅರ್ಧ ಸ್ಟಾಪ್ ಜಾಸ್ತಿ ಕೊಡಿ.

ಮೋಡ ಕವಿದ ಬಿಳಿ ಆಕಾಶವನ್ನು ಯಾವ ಫಿಲ್ಟರೂ ಕಪ್ಪು ಮಾಡುವುದಿಲ್ಲ, ಏಪ್ರಿಲ್ ತಿಂಗಳ ಮಸುಕನ್ನೂ ಅಷ್ಟೇ. ಜನರ ಮುಖಕ್ಕೆ ಕೆಂಪು ಬೇಡ. ತುಟಿ ಬಿಳಚುತ್ತದೆ, ಚರ್ಮದ ಜೀವ ಹೋಗುತ್ತದೆ. ನನ್ನ ಲೆನ್ಸಿನ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ಸದಾ ಇರುವುದು ಹಳದಿ.

ಆಟದ ರಾತ್ರಿಗೆ ಬೇರೆ ಲೆಕ್ಕ

ಯಕ್ಷಗಾನ (ನಮ್ಮಲ್ಲಿ ಅದನ್ನು ಆಟ ಎನ್ನುತ್ತಾರೆ) ತೆಗೆಯುವವರಿಗೆ ಮೇಲಿನ ನಿಯಮ ತಿರುಗಿಸಬೇಕು. ರಂಗಸ್ಥಳದ ಹಿಂದೆ ಕತ್ತಲೆ, ಅದು ಕತ್ತಲೆಯೇ ಇರಲಿ. ಉಳಿಸಬೇಕಾದದ್ದು ಮುಖದ ಬಣ್ಣ. ಕ್ಯಾಮೆರಾದ ಸರಾಸರಿ ಮೀಟರ್ ಆ ಕತ್ತಲೆಯನ್ನು ಲೆಕ್ಕಕ್ಕೆ ಹಿಡಿದು ವೇಷದ ಮುಖವನ್ನು ಬಿಳುಚಿಸಿಬಿಡುತ್ತದೆ. ಎಚ್‌ಪಿ5 ಪ್ಲಸ್ಸನ್ನು 1600ಕ್ಕೆ ಇಟ್ಟು, 1/125, ಎಫ್ 2.8ರಿಂದ ಶುರು ಮಾಡಿ, ಮುಖಕ್ಕೇ ಮೀಟರ್ ಹಿಡಿದು ತಿದ್ದಿಕೊಳ್ಳಿ. ಗಿರಗಿರನೆ ಸುತ್ತುತ್ತಾ ಜಿಗಿಯುವ ಧೀಂಗಿಣಕ್ಕೆ 1/125 ಸಾಲದು, ಬಟ್ಟೆ ಬಳುಕಿ ಮಸುಕಾಗುತ್ತದೆ. ಅದು ಬೇಕೆನಿಸಿದರೆ 1/30ಕ್ಕೂ ಇಳಿಯಬಹುದು. ತೊಳೆಯುವುದು ಇಲ್ಫೋರ್ಡ್ ಐಡಿ-11 ಡೆವಲಪರ್‌ನಲ್ಲಿ, ನೀರು ಬೆರೆಸದೆ 20 ಡಿಗ್ರಿಯಲ್ಲಿ 14 ನಿಮಿಷ. ಫಿಲ್ಮನ್ನು ಹೀಗೆ ತಳ್ಳಿದಾಗ ನೆರಳು ಹೋಗುತ್ತದೆ, ಗ್ರೇನ್ ಏಳುತ್ತದೆ, ಕಿರೀಟ ಮತ್ತು ಭುಜಕೀರ್ತಿ ಉರಿಯುತ್ತವೆ. ಆಟಕ್ಕೆ ಅದು ಒಪ್ಪುತ್ತದೆ. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಗೆ ತೆಂಕುತಿಟ್ಟಿನ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು ಎರಡು ರೀಲು ಇದಕ್ಕೇ ಇಡಿ. ಫ್ಲ್ಯಾಶ್ ಮಾತ್ರ ಖಂಡಿತ ಬೇಡ, ಕಲಾವಿದರಿಗೂ ಪ್ರೇಕ್ಷಕರಿಗೂ ಅದು ಹಿಂಸೆ.

ಐದನೆಯ ಹೆಜ್ಜೆ: ನಮ್ಮ ನೀರಿನಲ್ಲಿ ತೊಳೆಯುವುದು

ಪುಸ್ತಕಗಳೆಲ್ಲ 20 ಡಿಗ್ರಿ ಎನ್ನುತ್ತವೆ. ನಮ್ಮ ನಲ್ಲಿಯಲ್ಲಿ ಬರುವ ನೀರು 28ರ ಆಸುಪಾಸು. ಆ ಬಿಸಿಯಲ್ಲಿ ಡೆವಲಪ್ ಐದು ನಿಮಿಷದೊಳಗೆ ಮುಗಿದುಬಿಡುತ್ತದೆ, ಫಿಲ್ಮಿನ ಮೇಲೆ ಪಟ್ಟೆಪಟ್ಟೆಯಾಗುತ್ತದೆ. 20ಕ್ಕೆ ಇಳಿಸಿದರೂ ತೊಳೆಯುವಷ್ಟು ಹೊತ್ತು ನಿಲ್ಲಿಸುವುದು ಕಷ್ಟ. ನಾನು ಕಂಡುಕೊಂಡ ಮಧ್ಯದ ದಾರಿ 24 ಡಿಗ್ರಿ, ಮತ್ತು ಡೆವಲಪರ್‌ಗೆ ಸಮಪ್ರಮಾಣ ನೀರು ಬೆರೆಸುವುದು. ಎಚ್‌ಪಿ5 ಪ್ಲಸ್‌ಗೆ ಐಡಿ-11 ಸಮಪಾಲಿನಲ್ಲಿ 20 ಡಿಗ್ರಿಗೆ 13 ನಿಮಿಷ, 24ಕ್ಕೆ ಸುಮಾರು 9 ನಿಮಿಷ. ಟ್ರೈ-ಎಕ್ಸ್‌ಗೆ ಕೊಡಕ್ಕಿನ ಡಿ-76 ಡೆವಲಪರ್ ಸಮಪಾಲಿನಲ್ಲಿ 20 ಡಿಗ್ರಿಗೆ ಒಂಬತ್ತು ಮುಕ್ಕಾಲು ನಿಮಿಷ, 24ಕ್ಕೆ ಸುಮಾರು ಏಳು.

ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಹಾಕಿ, ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಬಿಂಬವನ್ನು ಕಾಯಂ ಮಾಡುವ ಫಿಕ್ಸರ್ ಬಾಟಲಿಗಳನ್ನೂ ತೊಳೆಯುವ ನೀರಿನ ಪಾತ್ರೆಯನ್ನೂ ಅದರಲ್ಲೇ ನಿಲ್ಲಿಸಿ. ಐಸನ್ನು ಟಬ್ಬಿಗೆ ಹಾಕಿ, ಡೆವಲಪರ್‌ಗೆ ಅಲ್ಲ. ಎಲ್ಲವೂ 24ಕ್ಕೆ ಬಂದ ಮೇಲೆ ಶುರು ಮಾಡಿ. ತಂಪಿನಿಂದ ಬಿಸಿಗೆ ತಟ್ಟನೆ ಹೋದರೆ ಫಿಲ್ಮಿನ ಮೇಲಿನ ಪದರಕ್ಕೆ ಪೆಟ್ಟಾಗುತ್ತದೆ. ಪ್ರತಿ ನಿಮಿಷದ ಆರಂಭದಲ್ಲಿ ಹತ್ತು ಸೆಕೆಂಡು ಟ್ಯಾಂಕನ್ನು ನಾಲ್ಕು ಸಲ ಮಗುಚಿ, ಮತ್ತೆ ಸುಮ್ಮನೆ ಬಿಡಿ. ಕಾಂಟ್ರಾಸ್ಟ್ ಹೆಚ್ಚಲಿ ಎಂದು ಬಿಡದೆ ಅಲ್ಲಾಡಿಸಿದರೆ ಬಿಳಿ ಭಾಗದ ವಿವರ ಮುಚ್ಚಿಹೋಗುತ್ತದೆ, ಫಿಲ್ಮಿನ ಅಂಚಿನ ತೂತುಗಳ ಬಳಿ ಗೆರೆಯೂ ಬರುತ್ತದೆ.

ಸಮುದ್ರದ ಹತ್ತಿರದವರಿಗೆ ಬೇಸಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರ್‌ನಲ್ಲಿ ಆಗಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಒಣಗಲು ಅರ್ಧ ದಿನ ಬೇಕಾದೀತು. ಫ್ಯಾನ್ ಹಾಕಬೇಡಿ, ಧೂಳು ಅಂಟುತ್ತದೆ. ಬಚ್ಚಲುಮನೆಯ ಬಾಗಿಲು ಮುಚ್ಚಿ ತೂಗುಹಾಕಿ, ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಮಾವನ ಸ್ಟುಡಿಯೋದ ಎಷ್ಟೋ ಮದುವೆಗಳ ನೆಗೆಟಿವ್ ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿದು ಹೋದವು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆರನೆಯ ಹೆಜ್ಜೆ: ನೆಗೆಟಿವ್ ಓದುವುದು

ಒಣಗಿದ ನೆಗೆಟಿವನ್ನು ಬಿಳಿ ಗೋಡೆಗೆ ಹಿಡಿದು ಮೊದಲು ಅಂಚು ನೋಡಿ. ಫ್ರೇಮ್ ಸಂಖ್ಯೆ ಮತ್ತು ಫಿಲ್ಮಿನ ಹೆಸರನ್ನು ಅಲ್ಲಿ ಮುದ್ರಿಸಿದ್ದು ಕಾರ್ಖಾನೆ, ನಿಮ್ಮ ಎಕ್ಸ್‌ಪೋಶರ್‌ಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರ ಗಟ್ಟಿ ಕಪ್ಪಾಗಿದ್ದು ಚಿತ್ರದ ನೆರಳು ಖಾಲಿ ಇದ್ದರೆ ಬೆಳಕು ಕಡಿಮೆ ಕೊಟ್ಟಿದ್ದೀರಿ. ಅಕ್ಷರವೇ ಪೇಲವವಾಗಿದ್ದರೆ ತೊಳೆದದ್ದು ಸಾಲದು. ನೆರಳಿನಲ್ಲಿ ವಿವರವಿದ್ದು, ಬೆಳಕಿನ ಭಾಗದ ಮೂಲಕ ಪತ್ರಿಕೆಯ ಅಕ್ಷರ ಓದಲಾಗದಷ್ಟು ದಟ್ಟವಾಗಿದ್ದರೆ ಹೆಚ್ಚು ತೊಳೆದಿದ್ದೀರಿ.

ಸ್ಕ್ಯಾನ್ ಮಾಡುವವರು ಮೊದಲು ಮಂಕಾಗಿಯೇ ಸ್ಕ್ಯಾನ್ ಮಾಡಿ, ಕಪ್ಪು ಎಲ್ಲಿಂದ ಶುರುವಾಗಬೇಕೆಂದು ಆಮೇಲೆ ಕಂಪ್ಯೂಟರಿನಲ್ಲಿ ನಿಶ್ಚಯಿಸಿ.

ಈ ಎಲ್ಲದಕ್ಕೂ ಒಂದು ಪರೀಕ್ಷೆಯ ರೀಲು ಬೇಕು. ಮನೆಯ ಜಗಲಿಯಲ್ಲಿ ಕಪ್ಪು ಕೊಡೆ, ಬಿಳಿ ಪಂಚೆ, ಮಧ್ಯೆ ಒಬ್ಬರನ್ನು ಕೂರಿಸಿ. ಕೊಡೆಯ ಮಡಿಕೆಗೆ ಮೀಟರ್ ಹಿಡಿದು ಎರಡು ಸ್ಟಾಪ್ ತಗ್ಗಿಸಿ ಒಂದು ಫ್ರೇಮ್, ಒಂದು ಸ್ಟಾಪ್ ತಗ್ಗಿಸಿ ಒಂದು, ಮೂರು ತಗ್ಗಿಸಿ ಒಂದು. ಇದನ್ನೇ ರೀಲು ಮುಗಿಯುವವರೆಗೆ ಮತ್ತೆ ಮತ್ತೆ ತೆಗೆಯಿರಿ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಿ. ಕತ್ತಲೆ ಕೋಣೆಯಲ್ಲಿ ರೀಲನ್ನು ಮೂರು ತುಂಡು ಮಾಡಿ, ಒಂದನ್ನು ಮಾಮೂಲು ಸಮಯ, ಒಂದನ್ನು ಶೇ. 20 ಕಡಿಮೆ, ಒಂದನ್ನು ಶೇ. 20 ಹೆಚ್ಚು ತೊಳೆಯಿರಿ. ಒಣಗಿದ ಮೇಲೆ ಮೂರನ್ನೂ ಕಿಟಕಿಯ ಗಾಜಿಗೆ ಅಂಟಿಸಿ, ಕೊಡೆಯ ಕಡ್ಡಿಗಳು ಯಾವ ಫ್ರೇಮಿನಲ್ಲಿ ಕಾಣತೊಡಗುತ್ತವೆ, ಪಂಚೆಯ ನಿರಿಗೆ ಯಾವುದರಲ್ಲಿ ಮಾಯವಾಗುತ್ತದೆ ಎಂದು ಹುಡುಕಿ ಗುರುತು ಹಾಕಿಕೊಳ್ಳಿ.